ಕಾರಿನ ಸೀಟಿಗೆ ಸಿಂಥೆಟಿಕ್ ಸ್ವೇಡ್ ಹಾಕಿಸುವುದೋ, ಚರ್ಮವೋ? ನಮ್ಮ ಕಾಸರಗೋಡಿನ ಮಳೆಗೆ ಯಾವುದು ತಡೆದೀತು?

ಪೆರ್ಲದಾಚೆ:

ಕಳೆದ ತಿಂಗಳು ನೀರ್ಚಾಲಿನ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಬಿಳಿ ಮುಂಡು, ಬಿಳಿ ಅಂಗಿ. ಊಟದ ಪಂಕ್ತಿಗೆ ಹೊರಟಾಗ ಹಿಂದಿನಿಂದ ಯಾರೋ "ಭಾವ, ಬೆನ್ನಲ್ಲಿ ಇರುವೆ" ಎಂದು ಕೊಡವಿದರು. ಇರುವೆ ಅಲ್ಲ, ನನ್ನ ಕಾರಿನ ಸೀಟು! ಕರಟಿದ ಹಪ್ಪಳದ ಚೂರಿನಂಥ ಕಪ್ಪು ಸಿಪ್ಪೆ, ಕುತ್ತಿಗೆಯಿಂದ ಸೊಂಟದವರೆಗೆ ಅಂಟಿಕೊಂಡಿತ್ತು. ಕೊಡವಿದಷ್ಟೂ ಬಟ್ಟೆಯೊಳಗೆ ಹೊಕ್ಕಿತು. ಪಾಯಸ ಬರುವವರೆಗೂ ಗೋಡೆಗೆ ಬೆನ್ನು ಕೊಟ್ಟೇ ಕೂತಿದ್ದೆ.

ಈ ಸೀಟು ಹಾಕಿಸಿ ನಾಲ್ಕು ಮಳೆಗಾಲ ಆಯಿತು ಅಷ್ಟೆ. "ಲೆದರ್" ಎಂದು ಹೇಳಿ 14 ಸಾವಿರ ತೆಗೆದುಕೊಂಡಿದ್ದರು. ಮೂರನೇ ಮಳೆಗೆ ಮುಟ್ಟಿದರೆ ಅಂಟು ಅಂಟು. ನಾಲ್ಕನೆಯದಕ್ಕೆ ಸಿಪ್ಪೆ. ಹೋಗಿ ಕೇಳಿದರೆ "ಇಲ್ಲಿಯ ಹವೆ ಹಾಗೆ ಸಾರ್" ಎಂದರು. ಅವರು ಅಂಗಡಿ ತೆರೆಯುವ ಮೊದಲೂ ಇಲ್ಲಿ ಇದೇ ಹವೆ ಇತ್ತಲ್ಲ!

ಈಗ ಬೇರೆ ಅಂಗಡಿಯಿಂದ ಎರಡು ಸ್ಯಾಂಪಲ್ ತುಂಡು ತಂದಿದ್ದೇನೆ. ಒಂದು ಸಿಂಥೆಟಿಕ್ ಸ್ವೇಡ್, ಅಂದರೆ ಮೆತ್ತನೆ ರೋಮದ ಚರ್ಮದ ಹಾಗೆ ಕಾಣುವ ಕೃತಕ ಬಟ್ಟೆ, ಬೂದು ಬಣ್ಣ. ಪೂರ್ತಿ ಕಾರಿಗೆ 24 ಸಾವಿರ. ಇನ್ನೊಂದು ಅಸಲಿ ಚರ್ಮ, ಕಂದು ಬಣ್ಣ, 70 ಸಾವಿರ. ಸ್ವೇಡ್ ಸವರಿದರೆ ಬೆಕ್ಕಿನ ಬೆನ್ನು ಸವರಿದ ಹಾಗೆ. ಬೆರಳು ಹೋದ ಕಡೆಗೆ ಬಣ್ಣ ಸ್ವಲ್ಪ ಗಾಢ ಆಗುತ್ತದೆ, ತಿರುಗಿ ಸವರಿದರೆ ತಿಳಿಯಾಗುತ್ತದೆ. ನನ್ನ ಮನಸ್ಸು ಅದರ ಮೇಲೆಯೇ ಉಂಟು. ಬುದ್ಧಿ ಮಾತ್ರ ಬೇಡ ಎನ್ನುತ್ತಿದೆ.

ಯಾಕೆಂದರೆ ನನ್ನ ಕಾರಿನ ಬದುಕು ಹೀಗೆ. ದಿನಾ ಬದಿಯಡ್ಕಕ್ಕೆ, ವಾರಕ್ಕೊಮ್ಮೆ ಮಂಗಳೂರಿಗೆ. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ತಲೆಗೆ ಮನೆಯಲ್ಲೇ ಕಾಯಿಸಿದ ತೆಂಗಿನೆಣ್ಣೆ. ಅಮ್ಮ ಇಲ್ಲದ ದಿನ ಅದೇ ಜಾಗದಲ್ಲಿ ಬಾಳೆಗೊನೆ, ಇಲ್ಲವಾದರೆ ಚಾಲಿ ಅಡಿಕೆಯ ಗೋಣಿ. ಡಿಕ್ಕಿಯಲ್ಲಿ ಜಾಗ ಇಲ್ಲವೇ ಎಂದು ಕೇಳಬೇಡಿ, ಅಲ್ಲಿ ಔಷಧಿ ಬಿಡುವ ಪಂಪು ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೊಡೆ, ಒದ್ದೆ ಚಪ್ಪಲಿ, ಒದ್ದೆ ಮನುಷ್ಯರು. ನಿಲ್ಲಿಸುವುದು ಅಂಗಳದ ಬದಿಯ ಶೀಟಿನ ಮಾಡಿನ ಕೆಳಗೆ, ಎರಡು ಕಡೆ ಗೋಡೆ ಇಲ್ಲ.

ಸ್ವೇಡ್‌ನ ಮೇಲೆ ಬೂಷ್ಟು ಬರುತ್ತದೋ, ಚರ್ಮದ ಮೇಲೆ ಜಾಸ್ತಿ ಬರುತ್ತದೋ? ಎಣ್ಣೆ ಹಿಡಿದರೆ ಹೋಗುತ್ತದೋ? ಕೈಯಲ್ಲಿ ಬಳಸಿ ಗೊತ್ತಿದ್ದವರು ಹೇಳಿ. ಕಂಪನಿಯ ಜಾಹೀರಾತು ನಾನೂ ಓದಿದ್ದೇನೆ.

ಕುಂಬಳೆ ಮಳೆ:

ಯಾವುದನ್ನೂ ಹಾಕಿಸಬೇಡಿ ಮಾರಾಯ್ರೆ. ಎರಡು ಬೈರಾಸು (ಟವೆಲು) ಹಾಸಿ. ನನ್ನದು ಎಂಟು ವರ್ಷದಿಂದ ಹಾಗೆಯೇ ನಡೆಯುತ್ತಾ ಉಂಟು. ಕೊಳೆಯಾದರೆ ಒಗೆಯುವುದು, ಹರಿದರೆ ನೆಲ ಒರೆಸುವುದು.

ಸೂಜಿದಾರ:

ಉಪ್ಪಳದ ಹತ್ತಿರ 22 ವರ್ಷದಿಂದ ಸೀಟು ಹೊಲಿಯುವ ಕೆಲಸ ಮಾಡುತ್ತಿದ್ದೇನೆ. ಬೈರಾಸಿನ ಸಲಹೆಗೆ ನನ್ನ ವಿರೋಧ ಇಲ್ಲ, ಆದರೆ ಅದರಿಂದ ನನ್ನ ಹೊಟ್ಟೆ ತುಂಬುವುದಿಲ್ಲ.

ಮೊದಲು ನಿಮ್ಮ ಹಳೆಯ ಸೀಟಿನ ವಿಷಯ. ಅದು ಚರ್ಮ ಅಲ್ಲವೇ ಅಲ್ಲ. ಸಿಪ್ಪೆ ಎದ್ದ ಕಡೆ ಕೆಳಗೆ ಬನಿಯನ್ನಿನಂಥ ನೇಯ್ಗೆ ಕಾಣುತ್ತದಲ್ವಾ? ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಪದರ ಎಳೆದಿರುತ್ತಾರೆ. ನಾವು ಪಿಯು ಎನ್ನುತ್ತೇವೆ. ಕಡಿಮೆ ದರ್ಜೆಯ ಪಿಯುವಿಗೆ ಗಾಳಿಯ ತೇವ, ಅದರ ಜೊತೆ ಬಿಸಿಲಿನ ಕಾವು, ಎರಡೂ ಸೇರಿದರೆ ಒಳಗಿನ ಕೊಂಡಿಗಳೇ ಕಡಿದುಹೋಗುತ್ತವೆ. ಮೊದಲು ಅಂಟು, ಆಮೇಲೆ ಸಿಪ್ಪೆ. ನೀವು ಹೇಳಿದ್ದು ಅದೇ ಕ್ರಮ. ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿಗೆ ಅದನ್ನು ಹಾಕಿದ್ದೇ ತಪ್ಪು. ಹಳೆಯ ಕಾಲದ ಪಿವಿಸಿ ರೆಕ್ಸಿನ್ ಹೀಗೆ ಮಾಡುವುದಿಲ್ಲ. ಅದರ ಕಾಯಿಲೆ ಬೇರೆ. ಮೆತ್ತಗಾಗಲು ಹಾಕಿದ ಎಣ್ಣೆ ವರ್ಷ ಕಳೆದಂತೆ ಹೊರಗೆ ಹೋಗಿ ಬಿರುಸಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಆದರೆ ತೇವಕ್ಕೆ ಹೆದರುವುದಿಲ್ಲ. ಅಂಗಡಿಯಲ್ಲಿ ಎರಡನ್ನೂ "ಲೆದರ್" ಎಂದೇ ಕೊಡುತ್ತಾರೆ, ಬಾಯಿಗೆ ಬಾಡಿಗೆ ಇಲ್ಲವಲ್ಲ.

ಇನ್ನು ಸ್ವೇಡ್. ಆ ಶಬ್ದ ಬಂದದ್ದೇ ಸ್ವೀಡನ್ ದೇಶದ ಹೆಸರಿನಿಂದ. ಅಲ್ಲಿಂದ ಬರುತ್ತಿದ್ದ ಕೈಗವಸಿಗೆ ಫ್ರಾನ್ಸಿನವರು ಇಟ್ಟ ಹೆಸರು. ಅಸಲಿ ಸ್ವೇಡ್ ಎಂದರೆ ಚರ್ಮದ ಒಳಮೈಯನ್ನು ಉಜ್ಜಿ ರೋಮದ ಹಾಗೆ ಮಾಡಿದ್ದು. ಕಾರಿಗೆ ಅದು ಆಗುವುದಿಲ್ಲ, ಒಂದು ಲೋಟ ನೀರು ಚೆಲ್ಲಿದರೆ ಕತೆ ಮುಗಿಯಿತು. ಸಿಂಥೆಟಿಕ್ ಸ್ವೇಡ್ 1970ರಲ್ಲಿ ಜಪಾನಿನ ಟೋರೆ ಕಂಪನಿಯಲ್ಲಿ ಮಿಯೋಶಿ ಒಕಾಮೊಟೊ ಎಂಬ ವಿಜ್ಞಾನಿ ಮಾಡಿದ್ದು. ಮಾಡುವ ಕ್ರಮ ನನಗೆ ಬಹಳ ಇಷ್ಟ, ಅದಕ್ಕೆ ಹೇಳುತ್ತೇನೆ. ಒಂದು ಎಳೆಯೊಳಗೆ ಹಲವು ಸಪೂರ ಪಾಲಿಯೆಸ್ಟರ್ ಎಳೆಗಳು. ಅವುಗಳ ಸುತ್ತ ಬೇರೆ ಪ್ಲಾಸ್ಟಿಕ್. ಸಮುದ್ರದ ನಡುವೆ ದ್ವೀಪ ಇದ್ದ ಹಾಗೆ. ಇದನ್ನು ಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯ ಹಾಗೆ ಒತ್ತು ಮಾಡುತ್ತಾರೆ. ಪಾಲಿಯುರೆಥೇನ್ ಕುಡಿಸುತ್ತಾರೆ. "ಸಮುದ್ರ"ವನ್ನು ಕರಗಿಸಿ ತೆಗೆಯುತ್ತಾರೆ. ಉಳಿದದ್ದು ರೇಷ್ಮೆಗಿಂತ ಎಷ್ಟೋ ಸಪೂರದ ಎಳೆ. ಕೊನೆಗೆ ಮೇಲ್ಮೈ ಉಜ್ಜಿದರೆ ನಿಮ್ಮ ಬೆಕ್ಕಿನ ಬೆನ್ನು. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ ಉಂಟಲ್ಲ, ಅದರ ಹತ್ತಿರದ ಸಂಬಂಧಿ ಇದು.

ಅಲ್ಕಂತಾರ ಎಂದು ಎಲ್ಲರೂ ಹೇಳುವುದು ಬಟ್ಟೆಯ ಜಾತಿಯ ಹೆಸರಲ್ಲ, 1972ರಲ್ಲಿ ಶುರುವಾದ ಇಟಲಿಯ ಕಂಪನಿಯ ಹೆಸರು. ನಾವು ಫೋಟೋಕಾಪಿಗೆ ಜೆರಾಕ್ಸ್ ಎನ್ನುವ ಹಾಗೆ ಆಗಿಬಿಟ್ಟಿದೆ. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಪಾಲಿಯುರೆಥೇನ್. 24 ಸಾವಿರಕ್ಕೆ ಪೂರ್ತಿ ಕಾರಿಗೆ ನಿಮಗೆ ಅದು ಸಿಗುವುದಿಲ್ಲ. ಸಿಗುವುದು ಅದರ ದಾಯಾದಿ. ದಾಯಾದಿಗಳಲ್ಲೂ ಒಳ್ಳೆಯವರು ಇರುತ್ತಾರೆ. ಸ್ಯಾಂಪಲ್ ತುಂಡಿನ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಪದರದ ದಪ್ಪದಲ್ಲಿ ಉದ್ದಕ್ಕೂ ಒಂದೇ ಥರದ ಎಳೆ ಇದ್ದರೆ ಸರಿ. ಬಟ್ಟೆಯ ಮೇಲೆ ಪುಡಿ ಅಂಟಿಸಿದ ಹಾಗೆ ಕಂಡರೆ ಬೇಡ. ಉಗುರಿನಿಂದ ಹತ್ತು ಸಲ ಜೋರಾಗಿ ಗೀರಿ. ಪುಡಿ ಅಂಟಿಸಿದ್ದು ಅಷ್ಟರಲ್ಲೇ ಬೋಳಾಗುತ್ತದೆ.

ಒಳ್ಳೆಯ ಸ್ವೇಡ್‌ನ ಗುಣ ಎಂತದು? ಬಿಸಿಲಿಗೆ ನಿಲ್ಲಿಸಿ ಬಂದು ಕೂತರೆ ತೊಡೆ ಸುಡುವುದಿಲ್ಲ. ತಿರುವಿನಲ್ಲಿ ಜಾರುವುದಿಲ್ಲ. ರೇಸ್ ಕಾರಿನಲ್ಲಿ ಡ್ಯಾಶ್‌ಬೋರ್ಡಿಗೂ ಹಾಕುತ್ತಾರೆ, ಗಾಜಿನಲ್ಲಿ ಬೆಳಕು ಪ್ರತಿಫಲಿಸುವುದಿಲ್ಲ ಎಂದು. ಅವಗುಣ ಒಂದೇ, ಆದರೆ ನಿಮಗೆ ಅದೇ ದೊಡ್ಡದು. ಎಣ್ಣೆ ಮತ್ತು ಬೆವರು. ಕೈ ತಾಗುವಲ್ಲಿ, ತಲೆ ತಾಗುವಲ್ಲಿ ರೋಮ ಮಲಗಿ ಮಿರಮಿರ ಮಿಂಚತೊಡಗುತ್ತದೆ. ಬ್ರಶ್ ಹಾಕಿದರೆ ಸ್ವಲ್ಪ ಏಳುತ್ತದೆ, ಪೂರ್ತಿ ಏಳುವುದಿಲ್ಲ. ಇನ್ನು ಬಾಳೆಯ ಸೊನೆ! ಅದು ಯಾವ ಬಟ್ಟೆಯಿಂದ ಹೋಗಿದೆ ಹೇಳಿ?

ಚರ್ಮದ ಬಗ್ಗೆ ಒಂದೇ ಮಾತು. ಕಾರಿನ ಚರ್ಮವನ್ನು ಮುಟ್ಟುವಾಗ ನೀವು ನಿಜಕ್ಕೂ ಮುಟ್ಟುವುದು ಬಣ್ಣವನ್ನು. ಮೇಲೆ ಬಣ್ಣ, ಅದರ ಮೇಲೆ ತೆಳ್ಳಗಿನ ಪಾರದರ್ಶಕ ಲೇಪ. ಹಾಗಾಗಿ ಎಣ್ಣೆ, ನೀರು ಕೂಡಲೇ ಒರೆಸಿದರೆ ಹೋಗುತ್ತದೆ. ಬೂಷ್ಟು ಬರುವುದು ಮುಖ್ಯವಾಗಿ ಹೊಲಿಗೆಯ ಸಂದಿನಲ್ಲಿ, ಬೆವರು ಧೂಳು ಕೂತ ಕಡೆ. ಚರ್ಮವನ್ನು ಚದರಡಿ ಲೆಕ್ಕದಲ್ಲಿ ಕೊಳ್ಳಬೇಕು. ದನದ ಮೈ ಚೌಕ ಅಲ್ಲವಲ್ಲ, ಕತ್ತರಿಸುವಾಗ ತುಂಬಾ ಹಾಳಾಗುತ್ತದೆ. ಬೆಲೆ ಏರುವುದು ಅಲ್ಲಿ.

ನನ್ನ ಲೆಕ್ಕ ಇದು. ಎದುರಿನ ಎರಡು ಸೀಟಿನ ನಡುಭಾಗಕ್ಕೆ ಮಾತ್ರ ಸ್ವೇಡ್. ಅಂಚುಗಳಿಗೆ, ತಲೆಯ ಜಾಗಕ್ಕೆ, ಹಿಂದಿನ ಸೀಟಿಗೆ ಪೂರ್ತಿ ಒಳ್ಳೆಯ ಪಿವಿಸಿ. ಖರ್ಚೂ ಕಡಿಮೆ. ಕೊನೆಯದಾಗಿ, ಸೀಟಿನ ಬದಿಯಲ್ಲಿ "ಏರ್‌ಬ್ಯಾಗ್" ಎಂದು ಬರೆದ ಸಣ್ಣ ಪಟ್ಟಿ ಉಂಟಾ ನೋಡಿ. ಉಂಟಾದರೆ ಆ ಬದಿಯ ಹೊಲಿಗೆಯನ್ನು ಸಿಕ್ಕಿದವರಿಂದ ಹಾಕಿಸಬೇಡಿ. ಅಪಘಾತದಲ್ಲಿ ಅದು ಒಡೆದುಕೊಂಡು ಚೀಲ ಹೊರಗೆ ಬರಬೇಕು, ಅದಕ್ಕೆ ಬೇರೆ ದಾರ, ಬೇರೆ ಹೊಲಿಗೆ. ಗಟ್ಟಿಯಾಗಿ ಹೊಲಿದು "ಕೆಲಸ ಭಾರೀ ಲಾಯ್ಕ" ಎಂದು ಹೊಗಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ಮೈಯೆಲ್ಲ ಉರಿಯುತ್ತದೆ.

ಪೆರ್ಲದಾಚೆ:

ಸೂಜಿದಾರರೇ, ಪಟ್ಟಿ ಉಂಟು. ಇಷ್ಟು ವರ್ಷ ನಾನು ಅದನ್ನು ಬಟ್ಟೆ ಕಂಪನಿಯ ಲೇಬಲ್ ಎಂದುಕೊಂಡಿದ್ದೆ! ಹಳೆಯ ಕವರು ಅದರ ಮೇಲೆಯೇ ಬಿಗಿದಿತ್ತು. ನಾಲ್ಕು ವರ್ಷ ದೇವರೇ ಕಾದದ್ದು.

ಒಂದು ಸಂಶಯ. ಸ್ವೇಡ್‌ನಲ್ಲೂ ಪಾಲಿಯುರೆಥೇನ್ ಉಂಟು ಎಂದಿರಿ. ಹಾಗಾದರೆ ಅದೂ ನಾಲ್ಕು ವರ್ಷಕ್ಕೆ ಹಪ್ಪಳ ಆಗುವುದಿಲ್ಲವೇ?

ಇನ್ನೊಂದು ಕಷ್ಟ. ಅಮ್ಮನಿಗೆ ಚರ್ಮದ ತುಂಡು ತೋರಿಸಿದೆ. "ಇದು ಯಾವುದರದ್ದು?" ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೈ ತೊಳೆಯಲು ಎದ್ದು ಹೋದರು. ಹಟ್ಟಿಯಲ್ಲಿ ಎರಡು ದನ ಇರುವ ಮನೆ ನಮ್ಮದು.

ಸೂಜಿದಾರ:

ಒಳ್ಳೆಯ ಪ್ರಶ್ನೆ. ನಿಮ್ಮ ಹಳೆಯದರಲ್ಲಿ ಪಿಯು ಮೇಲಿನ ಪದರವಾಗಿತ್ತು, ಅದು ಸೋತರೆ ಸಿಪ್ಪೆ. ಸ್ವೇಡ್‌ನಲ್ಲಿ ಅದು ಎಳೆಗಳ ನಡುವೆ ಅಂಟಿನ ಹಾಗೆ ಕೂತಿರುತ್ತದೆ. ಹಾಗಾಗಿ ಹಪ್ಪಳ ಏಳುವುದಿಲ್ಲ. ಹಾಳಾದರೆ ಬೇರೆ ರೀತಿ, ಎಳೆ ಸಡಿಲವಾಗಿ ಗುಂಜು ಗುಂಜು ಏಳುತ್ತದೆ. ಪಿಯುವಿನಲ್ಲೂ ಜಾತಿ ಉಂಟು. ಪಾಲಿಕಾರ್ಬೊನೇಟ್ ಜಾತಿಯದು ತೇವ ತಡೆಯುತ್ತದೆ, ಪಾಲಿಯೆಸ್ಟರ್ ಜಾತಿಯದು ಬೇಗ ಸೋಲುತ್ತದೆ. ಅಂಗಡಿಯವರಲ್ಲಿ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮುಖ ನೋಡಿದರೇ ತಿಳಿಯುತ್ತದೆ.

ಹಿಮ್ಮೇಳದವ:

ಮುಳ್ಳೇರಿಯ ಕಡೆಯವನು. ಹವ್ಯಾಸಕ್ಕೆ ಯಕ್ಷಗಾನದ ಚೆಂಡೆ ನುಡಿಸುತ್ತೇನೆ. ಕಾರಿನಲ್ಲಿ ಅಸಲಿ ಚರ್ಮದ ಸೀಟು, ಏಳು ವರ್ಷ ಹಳೆಯದು, ಸೆಕೆಂಡ್ ಹ್ಯಾಂಡ್ ಆಗಿ ಬೆಂಗಳೂರಿನಿಂದ ತಂದದ್ದು. ಹಾಗಾಗಿ ಮಳೆಗಾಲದಲ್ಲಿ ಎರಡು ಚರ್ಮ ಸಾಕುವ ಭಾಗ್ಯ ನನ್ನದು.

ಚೆಂಡೆಯದ್ದು ಹದ ಮಾಡದ ಚರ್ಮ. ಪತ್ತನಾಜೆ (ಮೇ ಕೊನೆಗೆ ಆಟದ ತಿರುಗಾಟ ಮುಗಿಯುವ ದಿನ) ಕಳೆದು ಮೊದಲ ಮಳೆ ಬಿದ್ದ ವಾರವೇ ಸ್ವರ ಇಳಿಯುತ್ತದೆ, ಬಡಿದರೆ ಒದ್ದೆ ಗೋಣಿಗೆ ಬಡಿದ ಹಾಗೆ. ಬಟ್ಟೆ ಸುತ್ತಿ ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವಲ್ಲಿ ಇಡುತ್ತೇನೆ. ಕಾರಿನ ಚರ್ಮ ಹದ ಮಾಡಿ ಲೇಪ ಕೊಟ್ಟದ್ದು, ಅಷ್ಟು ನಾಜೂಕು ಇಲ್ಲ. ಆದರೂ ತಂದ ಮೊದಲ ವರ್ಷ ಆಟಿ ತಿಂಗಳ ಜೋರು ಮಳೆಯಲ್ಲಿ ಹತ್ತು ದಿನ ಕಾರು ತೆಗೆಯಲಿಲ್ಲ. ಬಾಗಿಲು ತೆರೆದರೆ ಡ್ರೈವರ್ ಸೀಟಿನ ಮೇಲೆ ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ಬೂಷ್ಟು! ಪಕ್ಕದ ಸೀಟಿನಲ್ಲಿ ಒಂದು ಚೂರೂ ಇಲ್ಲ. ಯಾಕೆಂದರೆ ಅಲ್ಲಿ ಯಾರೂ ಕೂರುವುದಿಲ್ಲ. ಬೆವರಿನ ಗುರುತು ಎಲ್ಲೆಲ್ಲಿ ಉಂಟೋ ಅಲ್ಲಲ್ಲಿ ಮಾತ್ರ ಬಂದಿತ್ತು, ನನ್ನ ಬೆನ್ನಿನ ನಕ್ಷೆ ತೆಗೆದ ಹಾಗೆ.

ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಒರೆಸಿದ ಮೇಲೆ ಹೊಳಪು ಬರಲಿ ಎಂದು ತೆಂಗಿನೆಣ್ಣೆ ಸವರಿದೆ. ಲೇಪ ಇರುವ ಕಾರಣ ಅದು ಒಳಗೆ ಇಳಿಯಲಿಲ್ಲ. ಮೇಲೆಯೇ ಕೂತು ಕಮಟು ವಾಸನೆ, ಅದಕ್ಕೆ ಧೂಳು, ಧೂಳಿಗೆ ಮತ್ತೆ ಬೂಷ್ಟು. ಈಗ ಮೇ ಕೊನೆಗೆ ಒಮ್ಮೆ ಸೌಮ್ಯ ಸೋಪಿನ ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ಫ್ಯಾನ್ ಕೆಳಗೆ ಒಣಗಿಸುತ್ತೇನೆ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಏಸಿ ಹಾಕಿ ಓಡಿಸುತ್ತೇನೆ. ಏಸಿ ಒಳಗಿನ ತೇವ ಎಳೆಯುತ್ತದೆ. ಒದ್ದೆ ಮ್ಯಾಟನ್ನು ರಾತ್ರಿ ಒಳಗೆ ಬಿಡುವುದಿಲ್ಲ. ಆಮೇಲೆ ಬೂಷ್ಟು ಬಂದಿಲ್ಲ.

ನಿಮ್ಮ ಅಮ್ಮನಿಗೆ ಹೇಳಿ, ಆಟದ ಚೆಂಡೆಯ ಚರ್ಮವೂ ದನದ್ದೇ. ರಾತ್ರಿಯಿಡೀ ಕೂತು ಕೇಳುತ್ತೇವಲ್ಲ.

ಹೊಸೂರುವಾಸಿ:

ಊರು ಮಂಜೇಶ್ವರ, ಹೊಟ್ಟೆಪಾಡು ಹೊಸೂರು. ನನ್ನ ಕಾರಿನಲ್ಲಿ ಮೂರು ವರ್ಷದಿಂದ ಸಿಂಥೆಟಿಕ್ ಸ್ವೇಡ್. ಇಲ್ಲಿ ಹವೆ ಒಣ, ಬೂಷ್ಟಿನ ಮಾತೇ ಇಲ್ಲ. ಇಲ್ಲಿಯ ಶತ್ರು ಧೂಳು. ವಾರಕ್ಕೊಮ್ಮೆ ವ್ಯಾಕ್ಯೂಮ್, ಮೆತ್ತನೆಯ ಬ್ರಶ್, ಅಷ್ಟೆ. ಒಮ್ಮೆ ಕಾಫಿ ಚೆಲ್ಲಿತು. ಉಜ್ಜದೆ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿದೆ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ, ಅಂಚಿನಿಂದ ನಡುವಿಗೆ. ಹೋಯಿತು. ಸ್ಟೀರಿಂಗಿಗೂ ಅದನ್ನೇ ಹಾಕಿಸಿದ್ದು ಮಾತ್ರ ಮೂರ್ಖತನ. ಆರು ತಿಂಗಳಿಗೆ ಹಳೆಯ ಹಾರ್ಮೋನಿಯಂನ ಕೀಲಿಮಣೆಯ ಹಾಗೆ ಮಿಂಚುತ್ತಿತ್ತು. ತೆಗೆಸಿದೆ.

ಚರ್ಮ ಬೇಡ ಅನ್ನಿಸಿದ್ದಕ್ಕೆ ನನ್ನ ಕಾರಣ ಬೇರೆ. ಕೆಲಸದ ಮೇಲೆ ಕೃಷ್ಣಗಿರಿ ದಾಟಿ ವಾಣಿಯಂಬಾಡಿ, ಆಂಬೂರಿಗೆ ಹೋಗುತ್ತಿರುತ್ತೇನೆ. ಪಾಲಾರ್ ನದಿಯ ದಡದ ಚರ್ಮದ ಊರುಗಳು. ಅಲ್ಲಿಯ ಹದಗಾರಿಕೆಯ ಕೊಳಕು ನೀರಿನ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಪು ಬಂದಿತ್ತು. ಹಿಂದೆಲ್ಲ ಆವರಿಕೆಯ ತೊಗಟೆಯಲ್ಲಿ ಹದ ಮಾಡುತ್ತಿದ್ದರಂತೆ. ಅಡಿಕೆ ಜಗಿದರೆ ಬಾಯಿ ಒಗರಾಗುತ್ತದಲ್ಲ, ಅಂಥದೇ ಒಗರು ಅದರಲ್ಲಿಯೂ. ಈಗ ಹೆಚ್ಚಿನದು ಕ್ರೋಮಿಯಂ ಉಪ್ಪಿನಿಂದ. ಸ್ವೇಡ್ ಪೆಟ್ರೋಲಿಯಂನಿಂದ ಹುಟ್ಟಿದ್ದು, ಅದೂ ಏನು ತುಳಸಿಕಟ್ಟೆಯಿಂದ ಬಂದದ್ದಲ್ಲ. ಗೊತ್ತು.

ಪೆರ್ಲದಾಚೆ:

ಎಲ್ಲರಿಗೂ ಉಪಕಾರ ಆಯಿತು. ಕತ್ತರಿಸಿದ ಅಂಚು ಬೆಳಕಿಗೆ ಹಿಡಿದು ನೋಡಿದೆ, ಒಂದೇ ಥರದ ಎಳೆ. ಉಗುರಿನಲ್ಲಿ ಹತ್ತಲ್ಲ, ಇಪ್ಪತ್ತು ಸಲ ಗೀರಿದೆ. ಬೋಳಾಗಲಿಲ್ಲ. ಪಿಯು ಯಾವ ಜಾತಿಯದು ಎಂದು ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ. ಮುಖ ಕಾಣಲಿಲ್ಲ, ಆದರೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಹಾಗಾಗಿ ಉಪ್ಪಳಕ್ಕೇ ಬರುತ್ತೇನೆ ಸೂಜಿದಾರರೇ. ನಿಮ್ಮ ಲೆಕ್ಕದ ಹಾಗೆಯೇ ಮಾಡುವ, ಎದುರಿನ ನಡುಭಾಗಕ್ಕೆ ಮಾತ್ರ ಸ್ವೇಡ್, ಉಳಿದದ್ದು ಪಿವಿಸಿ. ಏರ್‌ಬ್ಯಾಗಿನ ಬದಿಯನ್ನು ನೀವೇ ಕೂತು ಹೊಲಿಯಬೇಕು, ಹುಡುಗರ ಕೈಗೆ ಕೊಡಬೇಡಿ. ಹಿಂದಿನ ಸೀಟಿಗೆ ಬೈರಾಸು. ಕುಂಬಳೆಯವರು ಸಣ್ಣಗೆ ನಗುವುದು ಬೇಡ.

ಹಿಮ್ಮೇಳದವರ ಮಾತನ್ನು ಅಮ್ಮನಿಗೆ ಹೇಳಿದೆ. "ಚೆಂಡೆಯ ಮೇಲೆ ನಾನು ಕೂರುವುದಿಲ್ಲವಲ್ಲ" ಎಂದರು.

ಅಂದ ಹಾಗೆ ಸೂಜಿದಾರರೇ, ಬಣ್ಣ ಹೊಂದಿಸಲು ಸ್ವೇಡ್‌ನ ತುಂಡು ತರಲು ಹೇಳಿದರೆ ಆಗುವುದಿಲ್ಲ. ಅದು ಈಗ ಅಮ್ಮನ ಕನ್ನಡಕದ ಪೆಟ್ಟಿಗೆಯಲ್ಲಿ ಉಂಟು. ಸೆರಗಿಗಿಂತ ಲಾಯ್ಕ ಒರೆಸುತ್ತದಂತೆ, ಕೊಡುವುದಿಲ್ಲ ಎಂದಿದ್ದಾರೆ. ಫೋಟೋ ತೆಗೆದು ಕಳಿಸುತ್ತೇನೆ.